ಮಂಗನ ಕಾಯಿಲೆಗೆ ಹೊಸ ಲಸಿಕೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ದರಗು (ಒಣ ಎಲೆ) ಗುಡಿಸುವ ಕಾಲ ಬಂತೆಂದರೆ ಮಂಗನ ಕಾಯಿಲೆಯ ಲಸಿಕೆಯ ಮಾತೂ ಶುರುವಾಗುತ್ತದೆ. ತೋಟದವರು, ತೋಟದ ಕಾರ್ಮಿಕರ ಲೈನ್ ಮನೆಯವರು, ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳನ್ನೂ, ಲಸಿಕೆ ಸ್ಟಾರ್ಟಪ್ ಕಟ್ಟಬೇಕೆಂದಿರುವ ಯುವಕ ಯುವತಿಯರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೇ ಇಟ್ಟಿದ್ದೇವೆ. ಇಬ್ಬರಿಗೂ ಮತ್ತೊಬ್ಬರ ಕಷ್ಟ ಗೊತ್ತಿರುವುದು ಒಳ್ಳೆಯದು.

ಮೊದಲು ಒಂದು ಲಸಿಕೆ ಇತ್ತಲ್ಲ, ಅದು ಯಾಕೆ ನಿಂತುಹೋಯಿತು?

ಇತ್ತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ತಯಾರಿಸುತ್ತಿದ್ದ ಲಸಿಕೆ ಅದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗಿ 1990ರಿಂದ ಊರೂರಿಗೆ ಬರುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಚುಚ್ಚಿದ ಜಾಗ ಚೆನ್ನಾಗಿಯೇ ನೋಯುತ್ತಿತ್ತು. ಹಾಗಾಗಿ ಮೊದಲ ಡೋಸ್ ಹಾಕಿಸಿಕೊಂಡವರು ಎರಡನೆಯದಕ್ಕೆ, ಎರಡಾದವರು ಬೂಸ್ಟರ್‌ಗೆ ಬರುವುದು ಕಡಿಮೆಯಾಗುತ್ತಾ ಹೋಯಿತು.

ಪರಿಣಾಮವೂ ಇಳಿಯಿತು. ಆರಂಭದ ವರ್ಷಗಳ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಅಂಕಿಅಂಶ ತೆಗೆದಾಗ ಅದು ಶೇ 62.4, ಬೂಸ್ಟರ್ ಪಡೆದವರಲ್ಲಿ ಶೇ 82.9. ಒಂದೇ ಡೋಸ್ ಪಡೆದವರಿಗೆ ಪ್ರಯೋಜನವೇ ಕಾಣಲಿಲ್ಲ. ಕೊನೆಗೆ 2022ರಲ್ಲಿ ಈ ಲಸಿಕೆ ಕೊಡುವುದನ್ನು ನಿಲ್ಲಿಸಲಾಯಿತು.

ಹೊಸ ಲಸಿಕೆ ಮಾಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಸಲ ಒಳ್ಳೆಯ ಲಸಿಕೆ ಮಾಡಿದರೆ ಸಾಲದು. ನೂರನೇ ಬ್ಯಾಚೂ ಮೊದಲನೇ ಬ್ಯಾಚಿನಷ್ಟೇ ಶಕ್ತಿಯುತವಾಗಿರಬೇಕು. ನಮ್ಮ ಪ್ರಕಾರ ಇಡೀ ಕೆಲಸದ ಕಷ್ಟ ಇರುವುದೇ ಅಲ್ಲಿ.

ಮಂಗನ ಕಾಯಿಲೆಯೂ ಮಂಕಿಪಾಕ್ಸೂ ಒಂದೇನಾ?

ಅಲ್ಲ. ಮಂಕಿಪಾಕ್ಸ್ ಸಿಡುಬಿನ ಕುಟುಂಬದ ವೈರಸ್, ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ನಮ್ಮ ಮಂಗನ ಕಾಯಿಲೆ ಡೆಂಗಿಯ ಕುಟುಂಬದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದರಿಂದ ವೈದ್ಯರು ಇದನ್ನು ಕೆಎಫ್‌ಡಿ ಅನ್ನುತ್ತಾರೆ. ಇದು ಬರುವುದು ಉಣುಗು, ಅಂದರೆ ಉಣ್ಣಿ, ಕಚ್ಚಿದರೆ. ರೋಗಿಯ ಆರೈಕೆ ಮಾಡಿದವರಿಗೆ ಹರಡುವುದಿಲ್ಲ, ಆದ್ದರಿಂದ ಕಾಯಿಲೆ ಬಂದವರ ಮನೆಗೆ ಹೋಗಲು ಯಾರೂ ಹೆದರಬೇಕಾಗಿಲ್ಲ.

ಹೊಸ ಲಸಿಕೆ ಯಾರು ಮಾಡುತ್ತಿದ್ದಾರೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯೊಂದಿಗೆ ಸೇರಿ ಎರಡು ಡೋಸಿನ ಹೊಸ ಲಸಿಕೆ ಅಭಿವೃದ್ಧಿಪಡಿಸುತ್ತಿದೆ. ಇದೂ ಕೊಂದ ವೈರಸ್ಸಿನದೇ, ಆದರೆ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಸಹಾಯಕ ವಸ್ತು ಸೇರಿಸಿದ್ದು. ಅಮೆರಿಕದ ಸಂಶೋಧಕರು ಬೇರೊಂದು ನಿರುಪದ್ರವಿ ವೈರಸ್ಸಿನ ಮೈಮೇಲೆ ಕೆಎಫ್‌ಡಿಯ ಪ್ರೋಟೀನ್ ಕೂರಿಸಿ, ಒಂದೇ ಡೋಸಿನಲ್ಲಿ ಮಂಗಗಳನ್ನು ರಕ್ಷಿಸಬಹುದೆಂದು ತೋರಿಸಿದ್ದಾರೆ.

ಯುರೋಪಿನಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರಕ್ಕೆ ಲಸಿಕೆ ಇದೆಯಲ್ಲ, ಅದನ್ನೇ ತರಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಅದೇ ಗುಂಪಿಗೆ ಸೇರಿದ ರಷ್ಯಾದ ಮೆದುಳು ಜ್ವರದ ಲಸಿಕೆಯನ್ನು 1950ರ ದಶಕದ ಕೊನೆಯಲ್ಲೇ ಶಿವಮೊಗ್ಗ ಕಡೆಯ ಹಳ್ಳಿಗಳಲ್ಲಿ ಕೊಟ್ಟು ನೋಡಿದ್ದರು. ರಕ್ಷಣೆ ಸಿಗಲಿಲ್ಲ.

ಸಣ್ಣ ಸ್ಟಾರ್ಟಪ್ ಯಾವ ಬಗೆಯ ಲಸಿಕೆಗೆ ಕೈಹಾಕಬೇಕು?

ಮೊದಲು ನೋಡಬೇಕಾದ್ದು ಸುರಕ್ಷತೆ. ಕೆಎಫ್‌ಡಿ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೇ ತಗಲಿದ ಉದಾಹರಣೆಗಳು ಸಾಕಷ್ಟಿವೆ. ಸಜೀವ ವೈರಸ್ ಮುಟ್ಟಬೇಕಾದರೆ ಕನಿಷ್ಠ ಮೂರನೇ ಹಂತದ ಜೈವಿಕ ಸುರಕ್ಷತಾ ಪ್ರಯೋಗಾಲಯ ಬೇಕು. ಒಳಗಿನ ಗಾಳಿ ಹೊರಗೆ ಹೋಗದಂಥ ಒತ್ತಡ ವ್ಯವಸ್ಥೆ, ಸೋಸುವ ಫಿಲ್ಟರ್, ತ್ಯಾಜ್ಯವನ್ನು ಬೇಯಿಸಿಯೇ ಹೊರಬಿಡುವ ಆಟೊಕ್ಲೇವ್, ಇದನ್ನೆಲ್ಲ ಕಟ್ಟಿ ನಡೆಸುವ ಖರ್ಚು ಹೊಸ ಕಂಪನಿಯ ಕೈಗೆಟುಕುವುದಿಲ್ಲ. ಹಾಗಾಗಿ ವೈರಸ್ಸನ್ನೇ ಮುಟ್ಟದೆ, ಅದರ ಜೀನಿನ ಮಾಹಿತಿಯಿಂದ ಪ್ರೋಟೀನ್ ಮಾಡಿಕೊಳ್ಳುವ ದಾರಿ ಸಣ್ಣವರಿಗೆ ಹೊಂದುತ್ತದೆ.

ಗುರಿ ವೈರಸ್ಸಿನ ಹೊರಮೈಯ 'ಇ' ಪ್ರೋಟೀನ್. ಎಡವುವುದೂ ಇಲ್ಲೇ. ಈ ಪ್ರೋಟೀನಿನ ಹೊರಭಾಗದಲ್ಲಿ ಆರು ಗಂಧಕದ ಕೊಂಡಿಗಳಿದ್ದು, ಆರೂ ಸರಿಯಾದ ಜೋಡಿಯಲ್ಲೇ ಬೀಳಬೇಕು. ಅಗ್ಗವೆಂದು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರೆ ಪ್ರೋಟೀನ್ ಮುದ್ದೆಗಟ್ಟುತ್ತದೆ. ಯೂರಿಯಾದಲ್ಲಿ ಕರಗಿಸಿ ಮತ್ತೆ ಮಡಿಸಿದರೂ ಮೂಲ ಆಕಾರ ಬರುವುದು ಅಪರೂಪ. ಅಂಥ ಪ್ರೋಟೀನನ್ನು ಇಲಿಗೆ ಕೊಟ್ಟರೆ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ಹುಟ್ಟಿಸುವ ಪ್ರೋಟೀನ್) ಇದೆಯೇ ಎಂದು ಬಣ್ಣದಿಂದ ತಿಳಿಸುವ ಎಲೈಸಾ ಪರೀಕ್ಷೆಯ ತಟ್ಟೆಯಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ, ಪ್ರತಿಕಾಯ ಹುಟ್ಟಿದೆ ಎಂದು ಎಲ್ಲರೂ ಸಂಭ್ರಮಿಸುತ್ತಾರೆ. ಆಮೇಲೆ ನೋಡಿದರೆ ಆ ಪ್ರತಿಕಾಯಗಳು ವೈರಸ್ಸನ್ನು ತಡೆಯುವುದೇ ಇಲ್ಲ. ಎಲೈಸಾ ಫಲಿತಾಂಶವೊಂದನ್ನೇ ನಂಬಿ ಹೂಡಿಕೆದಾರರ ಮುಂದೆ ಹೋಗಬೇಡಿ.

ಮೂರನೇ ಡೊಮೇನ್ ಎಂಬ ಸಣ್ಣ ತುಣುಕನ್ನು ಮಾತ್ರ ತೆಗೆದುಕೊಂಡರೆ ಒಂದೇ ಕೊಂಡಿ ಇರುವುದರಿಂದ ಬ್ಯಾಕ್ಟೀರಿಯಾದಲ್ಲೂ ಸರಿಯಾಗಿ ಮಡಚಿಕೊಳ್ಳುತ್ತದೆ. ಆದರೆ ಅದರ ಪ್ರಭಾವ ಕಡಿಮೆ, ಗಟ್ಟಿ ಸಹಾಯಕ ವಸ್ತು ಬೇಕಾಗುತ್ತದೆ. ನಮ್ಮ ಒಲವು 'ಇ' ಪ್ರೋಟೀನನ್ನು ಅದರ ಜೊತೆಗಾರ 'ಪ್ರಿಎಮ್' ಪ್ರೋಟೀನಿನ ಸಮೇತ ಸಸ್ತನಿ ಅಥವಾ ಕೀಟದ ಜೀವಕೋಶದಲ್ಲಿ ತಯಾರಿಸುವ ಕಡೆಗೆ. 'ಪ್ರಿಎಮ್' ಇದ್ದರೆ 'ಇ' ಸರಿಯಾಗಿ ಮಡಚಿಕೊಂಡು, ಒಳಗೆ ಜೀನೇ ಇಲ್ಲದ ಪೊಳ್ಳು ವೈರಸ್ಸಿನಂಥ ಕಣಗಳಾಗಿ ಹೊರಬರುತ್ತದೆ. ಇಳುವರಿ ಕಡಿಮೆ, ಶುದ್ಧೀಕರಣ ಕಷ್ಟ, ನಿಜ. ಆದರೂ ಶ್ರಮಕ್ಕೆ ಬೆಲೆಯಿದೆ.

ಎಂಆರ್‌ಎನ್‌ಎ ದಾರಿಯೂ ತೆರೆದಿದೆ: ಪ್ರೋಟೀನಿನ ಬದಲು ಅದನ್ನು ತಯಾರಿಸುವ ಸಂದೇಶವನ್ನೇ ದೇಹಕ್ಕೆ ಕೊಡುವುದು. ಪುಣೆಯ ಜೆನ್ನೋವಾ ಕಂಪನಿಯ ಕೋವಿಡ್ ಲಸಿಕೆ 2022ರಲ್ಲಿ ಅನುಮತಿ ಪಡೆದಾಗ, ಅದನ್ನು ಪುಡಿ ರೂಪದಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬಹುದಿತ್ತು. ಮೈನಸ್ 70 ಡಿಗ್ರಿಯ ಫ್ರೀಜರ್ ಹುಡುಕಿಕೊಂಡು ಕಳಸ, ಜಯಪುರಗಳಲ್ಲಿ ಅಲೆಯಲಾಗದ ನಮಗೆ ಅದು ಮುಖ್ಯವಾದ ಸಂಗತಿ.

ವೈರಸ್ಸನ್ನು ಕೊಂದು ಲಸಿಕೆ ಮಾಡುವುದೆಂದರೆ ಏನು ಮಾಡುತ್ತಾರೆ?

ಮೂಲ ವೈರಸ್ಸನ್ನು 'ಬೀಜ'ವಾಗಿ ಸಣ್ಣ ಸಣ್ಣ ಸೀಸೆಗಳಲ್ಲಿ ಘನೀಕರಿಸಿ ಇಡುತ್ತಾರೆ. ಪ್ರತಿ ಬ್ಯಾಚಿಗೂ ಹೊಸ ಸೀಸೆ. ಒಂದು ಬ್ಯಾಚಿನಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದರೆ ವೈರಸ್ ಬದಲಾಗಿಬಿಡುತ್ತದೆ. ವೆರೋ ಎಂಬ ಜೀವಕೋಶಗಳಲ್ಲಿ ಅದನ್ನು ಬೆಳೆಸಿ, ಕೋಶದ ಚೂರುಗಳನ್ನು ಸೋಸಿ ತೆಗೆದು, ಫಾರ್ಮಲಿನ್ ಅಥವಾ ಬೀಟಾ ಪ್ರೊಪಿಯೊಲ್ಯಾಕ್ಟೋನ್ ಹಾಕಿ ನಿಷ್ಕ್ರಿಯಗೊಳಿಸುತ್ತಾರೆ. ಆಮೇಲೆ ಶುದ್ಧೀಕರಿಸಿ, ಅಲ್ಯುಮಿನಿಯಂ ಲವಣಕ್ಕೆ ಅಂಟಿಸಿ, ಸೀಸೆಗೆ ತುಂಬುತ್ತಾರೆ.

ನಿಷ್ಕ್ರಿಯಗೊಳಿಸುವ ಹಂತ ಬಹಳ ನಾಜೂಕು. ಔಷಧ ಹೆಚ್ಚಾದರೆ, ಅಥವಾ ಹೆಚ್ಚು ದಿನ ಬಿಟ್ಟರೆ, ವೈರಸ್ಸಿನ ಮೈಮೇಲಿನ ಗುರುತುಗಳೇ ಹಾಳಾಗಿ ಲಸಿಕೆ ಸಪ್ಪೆಯಾಗುತ್ತದೆ. ಕಡಿಮೆಯಾದರೆ ಬದುಕಿದ ವೈರಸ್ ಉಳಿಯುತ್ತದೆ. 1955ರಲ್ಲಿ ಅಮೆರಿಕದಲ್ಲಿ ಹೀಗೆ ಸರಿಯಾಗಿ ಸಾಯದ ವೈರಸ್ ಪೋಲಿಯೊ ಲಸಿಕೆಯಲ್ಲಿ ಉಳಿದು ಸುಮಾರು 40 ಸಾವಿರ ಮಕ್ಕಳಿಗೆ ಪೋಲಿಯೊ ತಗುಲಿತು, 10 ಮಕ್ಕಳು ತೀರಿಕೊಂಡರು. ವೈರಸ್ ಕಣಗಳು ಗುಂಪಾಗಿ ಅಂಟಿಕೊಂಡಿದ್ದಾಗ ಒಳಗಿನವಕ್ಕೆ ಫಾರ್ಮಲಿನ್ ತಾಕಿರಲಿಲ್ಲ.

ಅದಕ್ಕೇ ಔಷಧ ಹಾಕುವ ಮೊದಲು ಸೋಸಿ ಗುಂಪುಗಳನ್ನು ತೆಗೆಯುತ್ತಾರೆ. ಗಂಟೆಗಂಟೆಗೂ ಮಾದರಿ ತೆಗೆದು ಎಷ್ಟು ವೈರಸ್ ಉಳಿದಿದೆ ಎಂದು ರೇಖೆ ಎಳೆಯುತ್ತಾರೆ. ಆ ರೇಖೆ ನೇರವಾಗಿ ಇಳಿಯದೆ ಕೊನೆಯಲ್ಲಿ ಬಾಲದಂತೆ ಎಳೆದರೆ ಒಳಗೆಲ್ಲೋ ಗುಂಪು ಇದೆ ಎಂದರ್ಥ. ಅಂಥ ಬ್ಯಾಚನ್ನು ಚೆಲ್ಲಲೇಬೇಕು. ಕೊನೆಗೆ ಲಸಿಕೆಯನ್ನು ಹೊಸ ಜೀವಕೋಶಗಳ ಮೇಲೆ ಹಾಕಿ, ಅದರ ದ್ರವವನ್ನು ಮತ್ತೆ ಹೊಸ ಜೀವಕೋಶಗಳಿಗೆ ದಾಟಿಸಿ, ಒಂದೂ ವೈರಸ್ ಎದ್ದು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸೂಕ್ಷ್ಮಜೀವಿ ಸೋಂಕಿಲ್ಲವೆಂದು ನೋಡಲು ಇನ್ನೂ 14 ದಿನ. ತಯಾರಾದ ಲಸಿಕೆ ಹಲವು ವಾರ ಗೋದಾಮಿನಲ್ಲೇ ಇದ್ದರೆ ಅದಕ್ಕೆ ಈ ಪರೀಕ್ಷೆಗಳೇ ಕಾರಣ.

ಲಸಿಕೆ ಕೆಲಸ ಮಾಡುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಪ್ಲಾಕ್ ಪರೀಕ್ಷೆ ಎಂಬುದೊಂದಿದೆ. ಲಸಿಕೆ ಪಡೆದವರ ರಕ್ತದಿಂದ ಸೀರಂ, ಅಂದರೆ ರಕ್ತಕಣ ತೆಗೆದ ತಿಳಿ ದ್ರವ, ಬೇರ್ಪಡಿಸಿ, 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುತ್ತಾರೆ. ನಂತರ ಅದನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ಹೀಗೆ ತೆಳುಮಾಡುತ್ತಾ, ಲೆಕ್ಕ ಗೊತ್ತಿರುವಷ್ಟು ವೈರಸ್ಸಿನೊಂದಿಗೆ ಬೆರೆಸಿ ಜೀವಕೋಶಗಳ ಮೇಲೆ ಸುರಿಯುತ್ತಾರೆ. ಮೇಲೆ ಗಂಜಿಯಂಥ ಮಂದ ದ್ರವ ಹಾಕಿದರೆ ವೈರಸ್ ದೂರ ಹರಡುವುದಿಲ್ಲ, ಇದ್ದಲ್ಲೇ ಸುತ್ತಲಿನ ಕೋಶಗಳನ್ನು ಕೊಲ್ಲುತ್ತದೆ. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದಾಗ, ಬದುಕಿದ ಕೋಶಗಳೆಲ್ಲ ನೇರಳೆಯಾಗಿ, ಸತ್ತ ಜಾಗಗಳು ಬಿಳಿ ಚುಕ್ಕಿಗಳಾಗಿ ಕಾಣುತ್ತವೆ. ಆ ಚುಕ್ಕಿಗಳನ್ನು ಕೂತು ಎಣಿಸುತ್ತಾರೆ. ಎಷ್ಟು ತೆಳುಮಾಡಿದ ಸೀರಮ್ಮೂ ಚುಕ್ಕಿಗಳನ್ನು ಅರ್ಧಕ್ಕೆ ಇಳಿಸುತ್ತದೆಯೋ ಅದೇ ಆ ವ್ಯಕ್ತಿಯ ಪ್ರತಿಕಾಯದ ಮಟ್ಟ.

ಜಪಾನೀಸ್ ಮೆದುಳು ಜ್ವರಕ್ಕೆ ಹತ್ತು ಪಟ್ಟು ತೆಳುಮಾಡಿದಾಗಲೂ ಕೆಲಸ ಮಾಡುವ ಸೀರಂ ಇದ್ದರೆ ರಕ್ಷಣೆ ಇದೆ ಎಂದು ಒಪ್ಪಲಾಗಿದೆ. ಅದರ ಆಧಾರದ ಮೇಲೆಯೇ ಇಕ್ಸಿಯಾರೊ ಲಸಿಕೆಗೆ 2009ರಲ್ಲಿ ಪರವಾನಗಿ ಸಿಕ್ಕಿತು. ಕೆಎಫ್‌ಡಿಗೂ ಇಂಥ ಗಟ್ಟಿಯಾದ ಮಾನದಂಡ ಬೇಕು. ಅದು ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತಲ್ಲ, ಇದಕ್ಕೆ ಯಾಕೆ ಇಷ್ಟು ತಡ?

ಕೋವಿಡ್ ಎಲ್ಲೆಲ್ಲೂ ಇತ್ತು. ಮಂಗನ ಕಾಯಿಲೆ ಒಂದು ವರ್ಷ ಒಂದು ಊರಲ್ಲಿ ಬಂದರೆ ಮುಂದಿನ ವರ್ಷ ಇನ್ನೆಲ್ಲೋ ಇರುತ್ತದೆ. ಉದಾಹರಣೆಗೆ ಹೀಗೆ ಲೆಕ್ಕ ಹಾಕಿ: ಒಂದು ಋತುವಿನಲ್ಲಿ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುತ್ತದೆ ಎನ್ನೋಣ. ಲಸಿಕೆ ಪಡೆಯದ ಗುಂಪಿನಲ್ಲಿ 40 ರೋಗಿಗಳು ಕಾಣಬೇಕಾದರೆ ಆ ಗುಂಪಿನಲ್ಲೇ 40 ಸಾವಿರ ಜನ ಇರಬೇಕು, ಲಸಿಕೆಯ ಗುಂಪಿಗೆ ಇನ್ನೂ ಅಷ್ಟೇ. ಕಾಡಂಚಿನ ಒಂಟಿ ಮನೆಗಳಲ್ಲಿ 80 ಸಾವಿರ ಜನರನ್ನು ಹುಡುಕಿ, ಪ್ರತಿ ಜ್ವರವನ್ನೂ ಪರೀಕ್ಷಿಸುತ್ತಾ ಕೂರಬೇಕು. ಆ ವರ್ಷ ಕಾಯಿಲೆಯೇ ಕಡಿಮೆಯಾದರೆ ಎಲ್ಲ ಶ್ರಮವೂ ನಷ್ಟ. ಪ್ರತಿಕಾಯದ ಮಟ್ಟ ಮತ್ತು ಪ್ರಾಣಿಗಳ ಮೇಲಿನ ಫಲಿತಾಂಶವನ್ನು ಜೋಡಿಸಿ ತೀರ್ಮಾನಿಸುವ ದಾರಿ ಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ಕಹಿ ಸತ್ಯ: ಮಾರುಕಟ್ಟೆ ಚಿಕ್ಕದು. ಕೊಳ್ಳುವುದು ಸರ್ಕಾರವೊಂದೇ, ಬೇಕಿರುವುದು ಪಶ್ಚಿಮ ಘಟ್ಟದ ಕೆಲವು ತಾಲ್ಲೂಕುಗಳಿಗೆ. ಇಷ್ಟು ವರ್ಷ ಇಷ್ಟು ಡೋಸ್ ಕೊಳ್ಳುತ್ತೇವೆಂಬ ಲಿಖಿತ ಭರವಸೆ ಇಲ್ಲದೆ ಯಾವ ಕಂಪನಿಯೂ ಉತ್ಪಾದನಾ ಘಟಕ ಮೀಸಲಿಡುವುದಿಲ್ಲ. ಜನಪ್ರತಿನಿಧಿಗಳ ಹತ್ತಿರ ಕೇಳಬೇಕಾದ್ದು ಈ ಭರವಸೆಯನ್ನು.

ಲಸಿಕೆ ಪ್ರಯೋಗಕ್ಕೆ ನಮ್ಮೂರಿಗೆ ಬಂದರೆ ಸೇರಬಹುದೇ?

ಮೊದಲ ಹಂತಕ್ಕೆ ಕೆಲವು ಡಜನ್ ಆರೋಗ್ಯವಂತ ವಯಸ್ಕರು ಸಾಕು. ಸಾಮಾನ್ಯವಾಗಿ ಅವರನ್ನು ಕಾಯಿಲೆ ಇಲ್ಲದ ಊರುಗಳಿಂದ ಆರಿಸುವುದೇ ಒಳ್ಳೆಯದು, ಏಕೆಂದರೆ ನಮ್ಮ ಕಡೆಯವರ ರಕ್ತದಲ್ಲಿ ಹಳೆಯ ಲಸಿಕೆಯ ಅಥವಾ ಗೊತ್ತಿಲ್ಲದೆ ಬಂದುಹೋದ ಸೋಂಕಿನ ಪ್ರತಿಕಾಯ ಇದ್ದರೆ ಫಲಿತಾಂಶ ಕಲಸುಮೇಲೋಗರವಾಗುತ್ತದೆ. ಮಲೆನಾಡಿನವರ ಪಾತ್ರ ನಂತರದ ಹಂತಗಳಲ್ಲಿ.

ಸೇರುವ ಮೊದಲು ಕನ್ನಡದಲ್ಲಿರುವ ಒಪ್ಪಿಗೆ ಪತ್ರ ಕೇಳಿ ಪಡೆಯಿರಿ, ಮನೆಗೆ ಒಯ್ದು ಓದಿ. ಓದಲು ಬಾರದವರಿಗೆ ಓದಿ ಹೇಳುವಾಗ ಕಂಪನಿಗೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಪ್ರಯೋಗ ಸಿಟಿಆರ್‌ಐ (ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆ ಪಟ್ಟಿ) ನೋಂದಣಿಯಲ್ಲಿದೆಯೇ, ನೈತಿಕ ಸಮಿತಿ ಒಪ್ಪಿದೆಯೇ ಎಂದು ಕೇಳಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಸಿಗಬೇಕು. ಯಾವಾಗ ಬೇಕಾದರೂ ಕಾರಣ ಕೊಡದೆ ಹೊರಬರಬಹುದು. ತೋಟದ ಮಾಲೀಕರು ಒಪ್ಪಿದರೆಂದು ಲೈನ್ ಮನೆಯವರೂ ಒಪ್ಪಿದಂತಲ್ಲ; ಒಬ್ಬೊಬ್ಬರ ಒಪ್ಪಿಗೆಯೂ ಬೇರೆ ಬೇರೆ.

ಹಿಂದೆ ಡೆಂಗಿ ಬಂದಿದ್ದವರಿಗೆ ಈ ಲಸಿಕೆ ಅಪಾಯವೇ?

ಪ್ರಶ್ನೆ ಸರಿಯಾಗಿದೆ. ಡೆಂಗಿಯ ಒಂದು ಲಸಿಕೆ, ಹಿಂದೆ ಡೆಂಗಿ ಬಂದಿರದ ಮಕ್ಕಳಲ್ಲಿ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚಿಸಬಹುದೆಂದು 2017ರಲ್ಲಿ ಗೊತ್ತಾಯಿತು. ಕೆಎಫ್‌ಡಿ ಅದೇ ಕುಟುಂಬದ್ದಾದರೂ ಡೆಂಗಿಯಿಂದ ಸಾಕಷ್ಟು ದೂರದ ಕವಲು. ಆದರೂ ಹಾಸನ, ಚಿಕ್ಕಮಗಳೂರುಗಳಲ್ಲಿ ಡೆಂಗಿ ಸಾಮಾನ್ಯವಾಗಿರುವಾಗ, ಪ್ರಯೋಗಕ್ಕೆ ಸೇರುವ ಪ್ರತಿಯೊಬ್ಬರ ಡೆಂಗಿ ಪ್ರತಿಕಾಯವನ್ನೂ ಮೊದಲೇ ಪರೀಕ್ಷಿಸಿ ದಾಖಲಿಸಬೇಕು. ರೋಗಪತ್ತೆಯಲ್ಲೂ ಈ ಗೊಂದಲವಿದೆ: ಎಲೈಸಾದಲ್ಲಿ ಒಂದು ಮತ್ತೊಂದರಂತೆ ಕಾಣಬಹುದು. ಜ್ವರದ ಮೊದಲ ವಾರದಲ್ಲಿ ಆರ್‌ಟಿಪಿಸಿಆರ್ ಮಾಡಿಸುವುದೇ ಖಚಿತ ದಾರಿ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಲಸಿಕೆ ಕೆಡುವುದಿಲ್ಲವೇ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಗೋಡೆಯಲ್ಲೇ ಮಂಜುಗಡ್ಡೆ ಇರುವುದರಿಂದ, ಮುಚ್ಚಳ ತೆರೆಯದಿದ್ದರೆ ಸಾಕಷ್ಟು ಹೊತ್ತು ತಣ್ಣಗಿರುತ್ತದೆ. ಜನ ಬಿಸಿಗೆ ಹೆದರುತ್ತಾರೆ, ಆದರೆ ಅಲ್ಯುಮಿನಿಯಂ ಇರುವ ಲಸಿಕೆಗೆ ಹೆಪ್ಪುಗಟ್ಟುವುದು ಇನ್ನೂ ಕೆಟ್ಟದ್ದು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆ ಕ್ಯಾರಿಯರ್‌ಗೆ ಇಟ್ಟರೆ ಪಕ್ಕದ ಸೀಸೆ ಹೆಪ್ಪುಗಟ್ಟಿ ಸತ್ವ ಕಳೆದುಕೊಳ್ಳುತ್ತದೆ. ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆಯೇ ಇಡಬೇಕು.

ಅನುಮಾನ ಬಂದರೆ ಅಲುಗಾಟದ ಪರೀಕ್ಷೆ ಮಾಡಿ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಅಲುಗಿಸಿ ಮೇಜಿನ ಮೇಲಿಡಿ. ಹಾಳಾದದ್ದರಲ್ಲಿ ಬಿಳಿ ಚರಟ ಬೇಗ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಎರಡೂ ಒಂದೇ ವೇಗದಲ್ಲಿ ಇಳಿದರೆ ಆ ಸೀಸೆ ಬಳಸಬೇಡಿ.

ಲಸಿಕೆ ಬರುವವರೆಗೆ ಏನು ಮಾಡುವುದು?

ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈ ಹುಡುಕಿ. ಕಾಯಿಲೆ ತರುವ ಮರಿ ಉಣುಗು ಎಳ್ಳಿನಷ್ಟೇ ಇರುತ್ತದೆ. ತೊಡೆಸಂದಿ, ಕಂಕುಳು, ಕಿವಿಯ ಹಿಂದೆ ಬೇರೆಯವರ ಕೈಯಲ್ಲಿ ನೋಡಿಸಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಬೇಡ.

ಮಂಗ ಅಥವಾ ಮುಸುವ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಹಾಗಾಗಿ ಸುತ್ತಲಿನ 50 ಮೀಟರ್ ಜಾಗಕ್ಕೆ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚುತ್ತಾರೆ.

ಕಾಡಿಗೆ ಹೋಗಿ ಬಂದು 3ರಿಂದ 8 ದಿನದಲ್ಲಿ ದಿಢೀರ್ ಜ್ವರ, ತಲೆಸಿಡಿತ, ಸೊಂಟ ಮತ್ತು ಮಾಂಸಖಂಡಗಳಲ್ಲಿ ತಡೆಯಲಾರದ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೋಗುವುದೂ ಅಪಾಯ: ನೂರಕ್ಕೆ 10ರಿಂದ 20 ರೋಗಿಗಳಲ್ಲಿ ಮೂರನೇ ವಾರದ ಹೊತ್ತಿಗೆ ಕಾಯಿಲೆ ಮರುಕಳಿಸಿ ಮೆದುಳಿಗೆ ತಾಗುತ್ತದೆ. ನೂರಕ್ಕೆ 3ರಿಂದ 5 ಜನ ಸಾಯುವ ಕಾಯಿಲೆ ಇದು.

ದನಕರುಗಳಿಗೆ ಲಸಿಕೆ ಹಾಕಿಬಿಟ್ಟರೆ ಆಗದೇ?

ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಅವು ಉಣುಗನ್ನು ಕಾಡಿನಿಂದ ಕೊಟ್ಟಿಗೆಗೆ ತರುತ್ತವೆ ಅಷ್ಟೇ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧ ಹಾಕಿಸಿ. ಕಾಡಿನ ದರಗನ್ನು ಕೊಟ್ಟಿಗೆಗೆ ಹಾಸುವುದು ಬಿಟ್ಟರೆ ಇನ್ನೂ ಒಳ್ಳೆಯದು.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೂ ಲಸಿಕೆ ಬೇಕಾಗುತ್ತದೆಯೇ?

ಈ ವೈರಸ್ ಶಿವಮೊಗ್ಗ ಮತ್ತು ಸುತ್ತಲಿನ ಕೆಲವು ಜಿಲ್ಲೆ ಬಿಟ್ಟು ಹೋಗುವುದಿಲ್ಲ ಎಂದು ಹಿಂದೆ ನಂಬಿದ್ದರು. 2012ರಲ್ಲಿ ಬಂಡೀಪುರದಲ್ಲಿ, ನಂತರದ ವರ್ಷಗಳಲ್ಲಿ ವಯನಾಡು, ಗೋವಾ, ಸಿಂಧುದುರ್ಗದಲ್ಲಿ ಕಂಡಿತು. ಹಿಂದಿನ ಪದ್ಧತಿಯಂತೆ, ಕಾಯಿಲೆ ಖಚಿತವಾದ ಜಾಗದ ಸುತ್ತ 5 ಕಿಲೋಮೀಟರ್ ಒಳಗಿನವರಿಗೆ ಲಸಿಕೆ ಕೊಡುತ್ತಿದ್ದರು. ಆದ್ದರಿಂದ ಮಂಗದ ಸಾವನ್ನು ವರದಿ ಮಾಡುವ ಅಭ್ಯಾಸ ಈ ತಾಲ್ಲೂಕುಗಳಲ್ಲೂ ಬೆಳೆಯಬೇಕು.

ಚಿಕ್ಕಮಗಳೂರು ಅಥವಾ ಹಾಸನದಲ್ಲೇ ಕೂತು ಇಂಥ ಸ್ಟಾರ್ಟಪ್ ನಡೆಸಬಹುದೇ?

ಪೂರ್ತಿ ಅಲ್ಲ, ಅರ್ಧ ಖಂಡಿತ. ಪ್ರೋಟೀನ್ ತಯಾರಿಕೆ, ಇಲಿ ಪ್ರಯೋಗಕ್ಕೆ ಹೊಸ ಕಂಪನಿಗಳಿಗೆ ಪ್ರಯೋಗಾಲಯ ಒದಗಿಸುವ ಬೆಂಗಳೂರಿನ ಇನ್‌ಕ್ಯುಬೇಟರ್‌ಗಳಲ್ಲಿ ಬೆಂಚು ಬಾಡಿಗೆಗೆ ಹಿಡಿಯುವುದೇ ಜಾಣತನ. ಸಜೀವ ವೈರಸ್ಸಿನ ಪ್ರಯೋಗಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆ ಸರದಿ ಕಾಯಬೇಕು, ಅರ್ಜಿಯನ್ನು ಮೊದಲ ವರ್ಷವೇ ಹಾಕಿ. ಆರಂಭಿಕ ಹಣಕ್ಕೆ ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಬೈರಾಕ್ ಸಂಸ್ಥೆಯ ಬಿಗ್ ಅನುದಾನವಿದೆ: 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಪರಿಕಲ್ಪನೆ ಸಾಬೀತು ಮಾಡಲು ಸಾಕು, ಮನುಷ್ಯರ ಪ್ರಯೋಗಕ್ಕೆ ಏನೇನೂ ಸಾಲದು. ಜೀನ್ ಮಾರ್ಪಾಡಿನ ಕೆಲಸವಾದರೆ ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ ಸಮಿತಿಯ ಒಪ್ಪಿಗೆ ಬೇಕು.

ಇಲ್ಲಿ ಮಾಡಬೇಕಾದ ಕೆಲಸವೆಂದರೆ ಯಾವ ಊರಲ್ಲಿ ಯಾರು ಎಷ್ಟು ದಿನ ಕಾಡಿಗೆ ಹೋಗುತ್ತಾರೆ, ಯಾರಿಗೆ ಹಳೆಯ ಲಸಿಕೆಯ ಎಷ್ಟು ಡೋಸ್ ಆಗಿದೆ, ಜ್ವರ ಬಂದರೆ ಮೊದಲು ಯಾವ ಡಾಕ್ಟರ ಹತ್ತಿರ ಹೋಗುತ್ತಾರೆ ಎಂಬ ಪಟ್ಟಿ. ಅದು ಬೆಂಗಳೂರಿನಲ್ಲಿ ಕೂತರೆ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸಕ್ಕೆ ಸರಿಯಾದ ಸಂಭಾವನೆಯನ್ನು ಬಜೆಟ್ಟಿನಲ್ಲೇ ಬರೆದಿಡಿ. ಪಟ್ಟಿಯನ್ನು ನವೆಂಬರ್ ಒಳಗೆ ಮುಗಿಸಿ, ಡಿಸೆಂಬರ್‌ಗೆ ಮರಿ ಉಣುಗುಗಳ ಕಾಲ ಶುರುವಾಗಿರುತ್ತದೆ.